ಹಳೆಯ ಕಾರಿಗೆ ಹೊಸ ಬ್ರೇಕು

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತಾದರೂ, ಅದನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿರುವ ಮನೆಗಳು ಇಂದಿಗೂ ಉಂಟು. ಅದರ ಹಳೆಯ ಮಾದರಿಗಳಲ್ಲಿ ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕುಗಳೇ. ಘಟ್ಟವಿಳಿಯುವಾಗ ಸತತವಾಗಿ ಒತ್ತಿದರೆ ಡ್ರಮ್ಮು ಕಾದು ಹಿಡಿತ ಸಡಿಲುತ್ತದೆ. ಆದುದರಿಂದ ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕು ಅಳವಡಿಸುವುದು ಒಳ್ಳೆಯದೇ. ಆದರೆ ಅಷ್ಟರಿಂದಲೇ ಕೆಲಸ ಮುಗಿಯದು. ಡ್ರಮ್ಮಿಗಾಗಿ ಒತ್ತಡವನ್ನು ಉಳಿಸಿಕೊಳ್ಳುವ ಹಳೆಯ ಮಾಸ್ಟರ್ ಸಿಲಿಂಡರ್ ಹಾಗೆಯೇ ಇದ್ದರೆ, ಹೊಸ ಪ್ಯಾಡುಗಳು ಸದಾ ಉಜ್ಜಿ ಕಾಯುತ್ತವೆ, ಅದನ್ನೂ ಬದಲಿಸಬೇಕು.

ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ತೇವ ಸೇರಿದಾಗ ಆ ಮಿತಿ 140ಕ್ಕೆ ಇಳಿಯಬಹುದು. ಕುದಿದು ಆವಿಯಾದರೆ ಪೆಡಲು ನೆಲಮುಟ್ಟುತ್ತದೆ, ಕಾರು ನಿಲ್ಲದು. ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಿಸಿರಿ.

ಬಣ್ಣ, ಮೆತ್ತೆಗಳ ವೆಚ್ಚ ಆಮೇಲಿರಲಿ. ಮನೆಮಂದಿಯೊಡನೆ ಘಟ್ಟವಿಳಿಯುವ ಮುನ್ನ ಈ ಕಾರ್ಯವಾಗಲಿ.