ವೀಸಾ ಕಾಯುವ ಮಕ್ಕಳ ಕೈಗೊಂದು ಕೆಲಸ

ಎಸೆಸೆಲ್ಸಿ ಫಲಿತಾಂಶ ಬಂದ ಕೂಡಲೇ ನಮ್ಮ ಮನೆಗಳಲ್ಲಿ ಕೇಳುವ ಮಾತು ಒಂದೇ: 'ಪಾಸ್‌ಪೋರ್ಟ್ ಮಾಡಿಸಿಡು, ಮಾಮ ವೀಸಾ ಕಳಿಸುತ್ತಾರೆ.' ವೀಸಾ ಬರುವ ತನಕ ಹುಡುಗ ಅಂಗಡಿ ಜಗಲಿಯಲ್ಲಿ ಮೊಬೈಲ್ ನೋಡುತ್ತಾ ಕೂರುತ್ತಾನೆ. ವರ್ಷ ಒಂದು ಹೋಗಿ ಎರಡಾಗುತ್ತದೆ. ಕೆಲಸ ಕಲಿಯದೆ ವಿಮಾನ ಹತ್ತಿದವನಿಗೆ ಅಲ್ಲಿ ಸಿಗುವುದು ಹೆಲ್ಪರ್ ಕೆಲಸವೇ.

ಇತ್ತ ಕೆಲಸ ನಮ್ಮ ತಾರಸಿಗೇ ಬಂದು ನಿಂತಿದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಗುರಿ ದೇಶದ 1 ಕೋಟಿ ಮನೆಗಳಿಗೆ ಸೋಲಾರ್. 3 ಕಿಲೋವ್ಯಾಟ್ ಘಟಕಕ್ಕೆ 78,000 ರೂ. ಸಬ್ಸಿಡಿ ಇದೆ. ಪ್ಯಾನೆಲ್ ಎಲ್ಲಿಂದಲೋ ಬರುತ್ತದೆ ಸರಿ, ಆದರೆ ಅದನ್ನು ಮೇಲೆ ಕೂರಿಸಲು, ಇನ್ವರ್ಟರ್ ಜೋಡಿಸಲು, ಉಪ್ಪುಗಾಳಿಗೆ ತುಕ್ಕು ಹಿಡಿದ ಕ್ಲಾಂಪ್ ಬದಲಿಸಲು ಊರಿನ ಕೈಗಳೇ ಬೇಕು.

'ಎಲೆಕ್ಟ್ರಿಷಿಯನ್ ಹಿಂದೆ ಹೋದರೆ ಕಲಿಯುತ್ತಾನೆ, ಕೋರ್ಸ್ ಯಾಕೆ?' ಎನ್ನುವವರಿದ್ದಾರೆ. ಮನೆಯ ವಯರಿಂಗಿಗೆ ಮೈನ್ ಸ್ವಿಚ್ ಆಫ್ ಮಾಡಿದರೆ ಆಯಿತು. ಪ್ಯಾನೆಲ್ ಹಾಗಲ್ಲ, ಬಿಸಿಲು ಇರುವಷ್ಟು ಹೊತ್ತು ಅದರ ತಂತಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಮೇಲಾಗಿ ಅದು ಡಿಸಿ, ಕಿಡಿ ಹತ್ತಿದರೆ ಸುಲಭದಲ್ಲಿ ಆರದು. ಮಳೆಗಾಲದಲ್ಲಿ ಪಾಚಿ ಕಟ್ಟಿದ ತಾರಸಿಗೆ ಬೆಲ್ಟ್ ಇಲ್ಲದೆ ಹತ್ತಿದರೆ ಹೋಗುವುದು ನಮ್ಮ ಮಗನ ಜೀವ. ಕಲಿತು ಮಾಡಬೇಕಾದ ಕೆಲಸವಿದು.

ದಾರಿ ದೂರವಿಲ್ಲ. ಎಸೆಸೆಲ್ಸಿ ಪಾಸಾದವರಿಗೆ ಐಟಿಐಯಲ್ಲಿ 2 ವರ್ಷದ ಎಲೆಕ್ಟ್ರಿಷಿಯನ್ ಕೋರ್ಸ್ ಇದೆ. ಸರಕಾರಿ ಐಟಿಐಯಲ್ಲಿ ಫೀಸು ಕಡಿಮೆ. ಸೋಲಾರ್ ಅಳವಡಿಕೆಗೆಂದೇ ಬೇರೆ ತರಬೇತಿ, ಪರೀಕ್ಷೆ, ಸರ್ಟಿಫಿಕೇಟ್ ಕೂಡ ಇದೆ. ಹೆಣ್ಣುಮಕ್ಕಳಿಗೂ ಈ ಬಾಗಿಲು ತೆರೆದೇ ಇದೆ.

ಗಲ್ಫಿಗೆ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ದುಬೈ, ಅಬುಧಾಬಿಯ ಮರಳುಗಾಡಿನಲ್ಲೂ ದೊಡ್ಡ ಸೋಲಾರ್ ಪಾರ್ಕ್‌ಗಳು ಎದ್ದಿವೆ. ಹೋಗುವವನು ಸರ್ಟಿಫಿಕೇಟ್ ಹಿಡಿದು ಹೋಗಲಿ. ನಾಳೆ ವಾಪಸ್ ಬಂದರೂ ಕಲಿತ ಕೆಲಸ ಅವನ ಜೊತೆಗೇ ಬರುತ್ತದೆ. ಮೊದಮೊದಲು ಸಂಬಳ ಕಡಿಮೆ ಇರಬಹುದು, ನಿಜ. ಜಗಲಿಯಲ್ಲಿ ಕೂತರೆ ಅದೂ ಇಲ್ಲ.

ನಮ್ಮ ತಪ್ಪೂ ಇದೆ. 'ಓದಲಾಗದವನು ಐಟಿಐಗೆ ಹೋಗಲಿ' ಎಂದು ನಾವು ಉಸ್ತಾದರೂ ಹೇಳಿದ್ದುಂಟು. ಆ ಮಾತು ಮಕ್ಕಳ ಮನಸ್ಸಲ್ಲಿ ಕೂತಿದೆ, ತಾಯಂದಿರ ಮನಸ್ಸಲ್ಲೂ ಕೂತಿದೆ. ಅದನ್ನು ನಾವೇ ತೆಗೆಯಬೇಕು.

ಪ್ರತಿ ಜಮಾಅತ್ ಕಮಿಟಿ ಈ ವರ್ಷ ಒಂದು ಕೆಲಸ ಮಾಡಲಿ. ಫಲಿತಾಂಶಕ್ಕೆ ಮುಂಚೆಯೇ ಮೊಹಲ್ಲಾದ ಮಕ್ಕಳ ಪಟ್ಟಿ ಮಾಡಿ, ಹತ್ತಿರದ ಐಟಿಐಗೆ ಕರೆದುಕೊಂಡು ಹೋಗಿ ತೋರಿಸಲಿ. ಫೀಸಿಗೆ, ಬಸ್ಸಿಗೆ ಕಷ್ಟವಿರುವ ಇಬ್ಬರ ಖರ್ಚನ್ನಾದರೂ ವಹಿಸಲಿ. ಇಬ್ಬರು ಕಲಿತು ನಿಂತರೆ ಮೂರನೆಯವನನ್ನು ಕರೆಯಬೇಕಾಗಿಲ್ಲ, ಅವನೇ ಬರುತ್ತಾನೆ.