ಹಳೇ ಸೆಸ್ನಾದಲ್ಲಿ ಕಲಿತರೆ ಪೈಲಟ್ ಕೆಲಸ ಸಿಗುವುದಿಲ್ಲವೇ?

ಪಿಯುಸಿ ಫಲಿತಾಂಶ ಬರುತ್ತಿದ್ದಂತೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಪೈಲಟ್ ತರಬೇತಿಯ ಜಾಹೀರಾತುಗಳು ಓಡಾಡತೊಡಗುತ್ತವೆ. ಡಿಜಿಟಲ್ ಪರದೆಗಳಿರುವ ಹೊಸ ವಿಮಾನದ ಫೋಟೊ, ಜೊತೆಗೆ ಹಳೇ ವಿಮಾನದಲ್ಲಿ ಕಲಿತವರಿಗೆ ಏರ್‌ಲೈನ್ ಕೆಲಸ ಕಷ್ಟ ಎಂಬ ಧಾಟಿಯ ಮಾತು. ಹತ್ತಾರು ಲಕ್ಷ ಸಾಲ ಮಾಡಿ ಮಕ್ಕಳನ್ನು ಸೇರಿಸುವವರು ಇದನ್ನೇ ನಂಬಿದರೆ ಕೇಳಬೇಕಾದ ಮುಖ್ಯ ಪ್ರಶ್ನೆಯೇ ಬಿಟ್ಟುಹೋಗುತ್ತದೆ.

ಮೊದಲು ನಿಯಮ ನೋಡೋಣ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಡಿಜಿಸಿಎ ಕೇಳುವುದು ಕನಿಷ್ಠ 200 ಗಂಟೆ ಹಾರಾಟ, ಅದರಲ್ಲಿ 100 ಗಂಟೆ ವಿಮಾನದ ಹೊಣೆ ಹೊತ್ತ ಪೈಲಟ್ ಆಗಿ. ಇಂಥದ್ದೇ ಕಂಪನಿಯ ವಿಮಾನ ಬೇಕು ಎಂದು ಎಲ್ಲೂ ಹೇಳಿಲ್ಲ. ಮುಂದೆ ಏರ್‌ಬಸ್ ಎ320 ಹಾರಿಸಲು ಟೈಪ್ ರೇಟಿಂಗ್ ಎಂಬ ಬೇರೆಯೇ ತರಬೇತಿ ಇದೆ. ಯಾವುದರಲ್ಲಿ ಕಲಿತು ಬಂದರೂ ಅದನ್ನು ಮಾಡಲೇಬೇಕು.

1956ರಿಂದ ಮಾರುಕಟ್ಟೆಯಲ್ಲಿರುವ ಸೆಸ್ನಾ 172 ಇಂದಿಗೂ ತರಬೇತಿಯಲ್ಲಿ ಉಳಿದಿರುವುದಕ್ಕೆ ಕಾರಣ ಸರಳ: ಕಲಿಯುವವರ ತಪ್ಪನ್ನು ಅದು ಸಹಿಸಿಕೊಳ್ಳುತ್ತದೆ. ವೇಗ ಗಂಟೆಗೆ ನೂರು ಕಿ.ಮೀ. ಹತ್ತಿರಕ್ಕೆ ಇಳಿದರೂ ಹಾರುತ್ತಿರುತ್ತದೆ, ಇಳಿಯುವಾಗ ಒರಟಾಗಿ ನೆಲಕ್ಕೆ ತಾಗಿದರೂ ತಡೆದುಕೊಳ್ಳುತ್ತದೆ. ಎರಡು ಸೀಟಿನ ಸೆಸ್ನಾ 152 ತಯಾರಿಕೆ ನಿಂತಿದ್ದು 1985ರಲ್ಲಿ. ಅಂದರೆ ಇಂದು ಹಾರುತ್ತಿರುವ ಪ್ರತಿಯೊಂದು 152ಕ್ಕೂ ನಲವತ್ತು ದಾಟಿದೆ! ಆದರೆ ವಿಮಾನವನ್ನು ಅಳೆಯುವುದು ಹಾರಿದ ಗಂಟೆಗಳಲ್ಲಿ. ನಿಗದಿತ ಗಂಟೆಗೊಮ್ಮೆ ತಪಾಸಣೆ, ಎಂಜಿನ್‌ಗೆ ಸಾಮಾನ್ಯವಾಗಿ 2,000 ಗಂಟೆಯ ಸುಮಾರಿಗೆ ಪೂರ್ತಿ ಓವರ್‌ಹಾಲ್. ಆ ದಾಖಲೆ ಸರಿಯಿಲ್ಲದಿದ್ದರೆ ಹೊಸ ವಿಮಾನವೂ ಬೇಡ.

ಹಾಗಂತ ಎಲ್ಲ ವಿಮಾನವೂ ಒಂದೇ ಅಲ್ಲ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಏಪ್ರಿಲ್‌ನ ಮಧ್ಯಾಹ್ನ ಗಾಳಿ ಇನ್ನಷ್ಟು ತೆಳುವಾದಾಗ, 110 ಅಶ್ವಶಕ್ತಿಯ 152 ಇಬ್ಬರನ್ನು ಹೊತ್ತು ಮೇಲೇರಲು ಏದುಸಿರು ಬಿಡುತ್ತದೆ. 172ಕ್ಕೆ ಶಕ್ತಿ ಹೆಚ್ಚು, ಇಂಧನದ ಖರ್ಚೂ ಹೆಚ್ಚು. ನಮ್ಮದೇ ಎನ್‌ಎಎಲ್ ರೂಪಿಸಿದ ಎರಡು ಸೀಟಿನ ಹಂಸ-ಎನ್‌ಜಿ ಕೂಡ ತರಬೇತಿಗೆಂದೇ ತಯಾರಾದದ್ದು. ಅದು ಮೊದಲು ಹಾರಿದ್ದು 2021ರಲ್ಲಿ, ಬೆಂಗಳೂರಿನಲ್ಲೇ.

ಎರಡು ಎಂಜಿನ್ ಇದ್ದರೆ ಮೊದಲ ದಿನದಿಂದಲೇ ಹೆಚ್ಚು ಸುರಕ್ಷಿತ ಎಂಬ ಮಾತೂ ಇದೆ. ಒಂದು ಎಂಜಿನ್ ನಿಂತರೆ ಇನ್ನೊಂದರ ಬಲಕ್ಕೆ ವಿಮಾನ ನಿಂತ ಎಂಜಿನ್‌ನ ಕಡೆಗೇ ತಿರುಗತೊಡಗುತ್ತದೆ, ಅದನ್ನು ತಕ್ಷಣ ಸರಿಪಡಿಸುವುದು ಹೊಸಬರ ಕೆಲಸವಲ್ಲ. ಡೈಮಂಡ್ ಡಿಎ42ನಂಥ ವಿಮಾನಗಳಲ್ಲಿ ಕೊನೆಯ ಹಂತದಲ್ಲಿ ಕೆಲವೇ ಗಂಟೆ ಕಲಿಸುವುದು ಅದಕ್ಕೇ. ಡಿಜಿಟಲ್ ಪರದೆಯ ಅಭ್ಯಾಸ ಉಪಯುಕ್ತವೇ, ಇದ್ದರೆ ಒಳ್ಳೆಯದು.

ನಮ್ಮ ಪ್ರಕಾರ, ಫೋಟೊದಲ್ಲಿರುವ ವಿಮಾನಕ್ಕಿಂತ ಮುಖ್ಯವಾದದ್ದು ಶೆಡ್‌ನಲ್ಲಿ ನಿಂತಿರುವ ವಿಮಾನಗಳ ಲೆಕ್ಕ. ಹತ್ತು ವಿಮಾನ ಇದೆ ಎನ್ನುವ ಶಾಲೆಯಲ್ಲಿ ನಾಲ್ಕು ಬಿಡಿಭಾಗಕ್ಕೆ ಕಾಯುತ್ತಿದ್ದರೆ 200 ಗಂಟೆ ಮುಗಿಯಲು ವರ್ಷಗಳೇ ಹಿಡಿಯಬಹುದು. ಅಷ್ಟೂ ದಿನ ಬಡ್ಡಿ, ಹಾಸ್ಟೆಲ್ ಬಾಡಿಗೆ ಏರುತ್ತಲೇ ಇರುತ್ತದೆ. ಶುಲ್ಕ ಕಟ್ಟುವ ಮೊದಲು ಹಾರಾಟಕ್ಕೆ ಸಿದ್ಧವಿರುವ ವಿಮಾನ ಎಷ್ಟು, ವಿದ್ಯಾರ್ಥಿಗಳು ಎಷ್ಟು, ಹಿಂದಿನ ಬ್ಯಾಚ್‌ಗೆ 200 ಗಂಟೆ ಮುಗಿಯಲು ಎಷ್ಟು ತಿಂಗಳಾಯಿತು ಎಂದು ಬರವಣಿಗೆಯಲ್ಲಿ ಕೇಳಿ. ಡಿಜಿಸಿಎ 2025ರಿಂದ ತರಬೇತಿ ಶಾಲೆಗಳಿಗೆ ರ‍್ಯಾಂಕಿಂಗ್ ಕೊಡುತ್ತಿದೆ, ಅದನ್ನೂ ಒಮ್ಮೆ ತೆಗೆದು ನೋಡಿ.