ಅಡುಗೆಮನೆಗೂ ಒಂದು ಪರ್ಯಾಯ ಬೇಕು

‘ಮಗು ಆದ ಮೇಲೆ ಹೆಂಗಸರ ಆದ್ಯತೆ ಬದಲಾಗ್ತದೆ’ ಎಂಬ ಮಾತನ್ನು ನಮ್ಮ ಜಿಲ್ಲೆಯಲ್ಲಿ ಕೇಳದವರಿಲ್ಲ. ಮಣಿಪಾಲದ ಒಳ್ಳೆಯ ಕೆಲಸ ಬಿಟ್ಟು ಮನೆಯಲ್ಲಿ ಕೂತವಳ ಬಗ್ಗೆ ಇದನ್ನು ಹೇಳುವಾಗ ದನಿಯಲ್ಲಿ ಮೆಚ್ಚುಗೆ ಇರುತ್ತದೆ. ಅದೇ ಹೆಂಗಸು, ‘ಈ ಸಲ ಅಷ್ಟಮಿಗೆ ಮೂಡೆ ಬೇಡ, ಚಕ್ಕುಲಿ ಅಂಗಡಿಯಿಂದ ತರುವ, ನನಗೆ ಮಗುವಿನ ಹತ್ತಿರ ಕೂರಬೇಕು’ ಎಂದರೆ? ಆಗ ಆದ್ಯತೆ ಎಂಬ ಶಬ್ದ ಯಾರ ನೆನಪಿಗೂ ಬರುವುದಿಲ್ಲ. ‘ಈಗಿನವರಿಗೆ ಮೈ ಬಗ್ಗುವುದಿಲ್ಲ’ ಎನ್ನುತ್ತಾರೆ. ‘ನಾವು ನಾಲ್ಕು ಮಕ್ಕಳನ್ನು ಇಟ್ಟುಕೊಂಡು ಮಾಡಲಿಲ್ಲವಾ?’ ಎನ್ನುತ್ತಾರೆ.

ನಮ್ಮ ತಕರಾರು ಇಷ್ಟೇ. ತಾಯ್ತನ ಆದ್ಯತೆಯನ್ನು ಬದಲಿಸುತ್ತದೆ ಎಂಬುದು ನಿಜವಾದರೆ, ಅದು ಎಲ್ಲ ದಿಕ್ಕಿಗೂ ಬದಲಾಗಲು ಬಿಡಬೇಕು. ಕಚೇರಿಯಿಂದ ಅಡುಗೆಮನೆಗೆ ಬರುವ ದಾರಿ ಮಾತ್ರ ತೆರೆದಿಟ್ಟು, ಅಡುಗೆಮನೆಯಿಂದ ಚಾವಡಿಗೆ ಹೋಗುವ ಬಾಗಿಲಿಗೆ ಚಿಲಕ ಹಾಕಿದರೆ ಅದನ್ನು ಬದಲಾವಣೆ ಅನ್ನಲಿಕ್ಕೆ ಆಗುವುದಿಲ್ಲ.

ಮೂಡೆಯನ್ನೇ ತೆಗೆದುಕೊಳ್ಳಿ. ತಿನ್ನುವವರಿಗೆ ಅದು ಎಲೆಯ ಪರಿಮಳ ಇರುವ ಉದ್ದನೆಯ ಇಡ್ಲಿ. ಮಾಡುವವರಿಗೆ ಅದು ಎರಡು ದಿನದ ಕೆಲಸ. ಮುಂಡೇವಿನ ಎಲೆ ಕೇದಗೆ ಜಾತಿಯದ್ದು. ಎರಡೂ ಅಂಚಿಗೆ ಮುಳ್ಳು, ನಡುವಿನ ನರಕ್ಕೂ ಮುಳ್ಳು. ಅದನ್ನು ಕೀಸಿ, ಬೆಂಕಿಗೆ ಹಿಡಿದು ಬಾಡಿಸಿ, ಸುರುಳಿ ಸುತ್ತಿ, ಕಡ್ಡಿ ಚುಚ್ಚಿ ಕೊಳವೆ ಮಾಡಬೇಕು. ಗುಂಡಕ್ಕಾದರೆ ಹಲಸಿನ ಎಲೆ. ನಾಲ್ಕು ಎಲೆ ಕೂಡಿಸಿ ತೆಂಗಿನ ಗರಿಯ ಕಡ್ಡಿಯಿಂದ ಹೆಣೆದರೆ ಒಂದು ಕೊಟ್ಟೆ. ಕಡ್ಡಿ ಒಂದು ಕಡೆ ತಪ್ಪಿದರೆ ಹಿಟ್ಟು ಕೆಳಗೆ. ಉದ್ದು ನೆನೆಸುವುದು, ಕಡೆಯುವುದು, ಅಕ್ಕಿ ತರಿ ಬೆರೆಸುವುದು, ರಾತ್ರಿ ಉಬ್ಬಿತೋ ಇಲ್ಲವೋ ಎಂದು ಎದ್ದು ನೋಡುವುದು, ಬೆಳಗಿನ ಜಾವಕ್ಕೆ ಹಬೆಗಿಡುವುದು. ಇದರ ಪಕ್ಕದಲ್ಲಿ ಚಕ್ಕುಲಿ, ನಾಲ್ಕೈದು ಬಗೆಯ ಉಂಡೆ. ಅಷ್ಟಮಿಯ ದಿನ ಮಾಡುವವಳಿಗೆ ಉಪವಾಸ. ನೈವೇದ್ಯಕ್ಕೆ ಮೊದಲು ರುಚಿ ನೋಡುವ ಹಾಗಿಲ್ಲ, ಉಪ್ಪು ಸರಿಯಾಯಿತೋ ಎಂಬುದನ್ನು ಕೈಯ ಅಂದಾಜಿನಲ್ಲೇ ತಿಳಿಯಬೇಕು. ನಡುರಾತ್ರಿ ಅರ್ಘ್ಯ ಕೊಟ್ಟ ಮೇಲೆ ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ಸೊಂಟ ಹಿಡಿದುಕೊಂಡು ಮಲಗುವಾಗ ತೊಟ್ಟಿಲಿನ ಮಗು ಏಳುತ್ತದೆ.

ಇದು ಒಂದು ಜಾತಿಯ, ಒಂದು ಧರ್ಮದ ಕತೆಯೇನೂ ಅಲ್ಲ. ರಂಜಾನಿನಲ್ಲಿ ಕಾಪುವಿನ ಮನೆಗಳ ಹೆಂಗಸರು ಉಪವಾಸದಲ್ಲೇ ಮಧ್ಯಾಹ್ನದಿಂದ ಇಫ್ತಾರಿಗೆ ಒಲೆಯ ಮುಂದೆ ನಿಲ್ಲುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕ್ರೈಸ್ತರ ಮನೆಗಳಲ್ಲಿ ಹೊಸ ಅಕ್ಕಿಯ ಊಟ, ಅದರ ಜೊತೆ ಬೆಸ ಲೆಕ್ಕದಲ್ಲಿ ತರಕಾರಿ ಪದಾರ್ಥ, ಡಿಸೆಂಬರಿನಲ್ಲಿ ಕುಸ್ವಾರ್. ಕಾಪುವಿನಲ್ಲಿ ವರ್ಷಕ್ಕೆ ಮೂರು ಮಾರಿಪೂಜೆ. ಸುಗ್ಗಿಯದ್ದಕ್ಕಂತೂ ನೆಂಟರು ಎಷ್ಟು ಜನ ಎಂದು ಮೊದಲೇ ಹೇಳಲಿಕ್ಕೆ ಸಾಧ್ಯವಿಲ್ಲ, ಬಂದಷ್ಟು ಜನಕ್ಕೆ ಕೋಳಿ ಆಗಬೇಕು. ಜನವರಿಯಲ್ಲಿ ಕಾರ್ಕಳದ ಅತ್ತೂರು ಜಾತ್ರೆಗೆ ಬಂದವರು ಪರಿಚಯದವರ ಮನೆಯಲ್ಲಿ ಊಟ ಮಾಡದೆ ಹೋದರೆ ಬೇಸರ. ದೇವರು ಬೇರೆ ಬೇರೆ, ಒಲೆಯ ಮುಂದೆ ನಿಂತವಳು ಮಾತ್ರ ಎಲ್ಲ ಕಡೆಯೂ ಮನೆಯ ತಾಯಿಯೇ.

‘ಹಿಂದಿನವರು ಮಾಡಲಿಲ್ಲವಾ?’ ಎಂಬ ಪ್ರಶ್ನೆಗೆ ನಮ್ಮ ಉತ್ತರ: ಮಾಡಿದರು, ಆದರೆ ಒಬ್ಬರೇ ಮಾಡಲಿಲ್ಲ. ಕೂಡುಕುಟುಂಬದ ದೊಡ್ಡ ಮನೆಯಲ್ಲಿ ಒಬ್ಬಳು ಎಲೆ ಬಾಡಿಸುತ್ತಿದ್ದಳು, ಇಬ್ಬರು ಕಡೆಯುವ ಕಲ್ಲಿನ ಮುಂದೆ, ಒಬ್ಬಳು ತೆಂಗಿನಕಾಯಿ ತುರಿಯಲಿಕ್ಕೆ, ಮಗುವನ್ನು ಹೊತ್ತು ತಿರುಗಲಿಕ್ಕೆ ಮದುವೆಯಾಗದ ಒಬ್ಬ ಚಿಕ್ಕಮ್ಮ. (ಆ ಚಿಕ್ಕಮ್ಮನ ಆದ್ಯತೆಯನ್ನು ಯಾರೂ ಕೇಳಲಿಲ್ಲ ಎಂಬುದು ಬೇರೆ ಮಾತು.) ಆ ಮನೆಗಳು ಪಾಲಾದವು. ಆರು ಹೆಂಗಸರಿಗಾಗಿ ಬರೆದ ಹಬ್ಬದ ಪಟ್ಟಿ ಮಾತ್ರ ಪಾಲಾಗದೆ, ಇಡಿಯಾಗಿ ಮಣಿಪಾಲದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಬ್ಬಳ ತಲೆಯ ಮೇಲೆ ಬಂದು ಕೂತಿದೆ. ಮಿಕ್ಸಿ, ಗ್ರೈಂಡರ್ ಬಂದಿವೆ, ಒಪ್ಪುತ್ತೇವೆ. ಮಗು ಎತ್ತಿಕೊಳ್ಳುವ ಗ್ರೈಂಡರ್ ಇನ್ನೂ ಬಂದಿಲ್ಲ.

ಹಳ್ಳಿಯ ಕಡೆ ಇನ್ನೂ ಕಷ್ಟ. ಕಾರ್ಕಳದ ಸುತ್ತ ಗೇರುಬೀಜದ ಕಾರ್ಖಾನೆಗೆ ಹೋಗುವ ತಾಯಂದಿರಿಗೆ ಹಬ್ಬದ ಮೊದಲ ದಿನ ಸಂಜೆಯವರೆಗೆ ಕೆಲಸ. ಬೀಡಿ ಕಟ್ಟುವವರಿಗೆ ಸಾವಿರದ ಲೆಕ್ಕದಲ್ಲಿ ಕೂಲಿ. ಹಬ್ಬಕ್ಕೆ ಎರಡು ದಿನ ಸೂಪು ಕೆಳಗಿಟ್ಟರೆ ಆ ಎರಡು ದಿನದ ದುಡ್ಡು ಹೋಯಿತು, ಹಬ್ಬದ ಸಾಮಾನಿಗೆ ಖರ್ಚು ಹೆಚ್ಚಾಯಿತು. ಅವರ ಹತ್ತಿರ ಹೋಗಿ ಆದ್ಯತೆಯ ಮಾತಾಡಿದರೆ ನಕ್ಕಾರು.

ದೇಶದ ಲೆಕ್ಕವೂ ಇದೆ. ಕೇಂದ್ರ ಸರಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲೇ ಕಳೆಯುತ್ತಿದ್ದರು, ಗಂಡಸರು 97 ನಿಮಿಷ. ಈ 97 ನಿಮಿಷ ಕೂಡ ಮನೆಗೆಲಸ ಮಾಡುವ ಗಂಡಸರದ್ದು ಮಾತ್ರ. ಅಂಥವರು ನೂರಕ್ಕೆ 26 ಮಂದಿ. ಹೆಂಗಸರಲ್ಲಿ ನೂರಕ್ಕೆ 81. 2024ರ ಸಮೀಕ್ಷೆ ಬಂದಾಗ ಹೆಂಗಸರ ಸಮಯ 289ಕ್ಕೆ ಇಳಿದಿತ್ತು. ಸಂತೋಷ. ಆದರೆ ಗಂಡಸರದ್ದೂ 88ಕ್ಕೆ ಇಳಿದಿತ್ತು! ಹೆಂಗಸಿಗೆ ಉಳಿದ ಹತ್ತು ನಿಮಿಷ ಗಂಡಸಿನ ಕೈಗೆ ಹೋಗಲಿಲ್ಲ ಎಂದಾಯಿತು. ಅದನ್ನು ಮೆಷಿನ್ನೋ ಪ್ಯಾಕೆಟ್ಟೋ ಉಳಿಸಿಕೊಟ್ಟಿರಬೇಕು. ಇವು ಸರಾಸರಿ ದಿನದ ಲೆಕ್ಕ. ಚೌತಿಯ ಹಿಂದಿನ ದಿನವನ್ನೊಂದೇ ಹಿಡಿದು ಎಣಿಸಿದರೆ ಏನು ಬರುತ್ತದೆ ಎಂಬುದನ್ನು ನಿಮ್ಮ ಮನೆಯಲ್ಲೇ ಗಡಿಯಾರ ಇಟ್ಟು ನೋಡಬಹುದು.

ಈ ಸಮಯಕ್ಕೆ ಬೆಲೆ ಕಟ್ಟಿದವರೇ ಇಲ್ಲ ಎನ್ನುವಂತಿಲ್ಲ. ಸುಪ್ರೀಂ ಕೋರ್ಟು 2021ರ ಜನವರಿಯಲ್ಲಿ ಒಂದು ತೀರ್ಪಿನಲ್ಲಿ ಇದೇ 299 ಮತ್ತು 97 ನಿಮಿಷಗಳನ್ನು ಉಲ್ಲೇಖಿಸಿ, ಗೃಹಿಣಿಯ ದುಡಿಮೆಗೂ ಆದಾಯದ ಲೆಕ್ಕ ಹಾಕಬೇಕು ಎಂದಿತು. ಆದರೆ ಅದು ರಸ್ತೆ ಅಪಘಾತದಲ್ಲಿ ಸತ್ತ ದಂಪತಿಯ ಪರಿಹಾರದ ಮೊಕದ್ದಮೆ. ಅಮ್ಮ ಬೇಯಿಸಿದ್ದಕ್ಕೆ ಲೆಕ್ಕ ಸಿಗಬೇಕಾದರೆ ಅವಳು ಮೊದಲು ಲಾರಿಯ ಅಡಿಗೆ ಹೋಗಬೇಕು. ಬದುಕಿರುವಾಗ ಅದಕ್ಕೆ ಇಟ್ಟ ಹೆಸರು ಮಮತೆ.

ಕಾನೂನು ಕೂಡ ಆದ್ಯತೆಯನ್ನು ಮೊದಲೇ ಹಂಚಿಟ್ಟಿದೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ ತಾಯಿಗೆ 26 ವಾರ ಸಂಬಳಸಹಿತ ರಜೆ. ಒಳ್ಳೆಯದೇ, ಹೋರಾಡಿ ಪಡೆದದ್ದು. ಅದೇ ಕಾನೂನಿನಲ್ಲಿ ತಂದೆಗೆ ಒಂದು ದಿನವೂ ಇಲ್ಲ. ಕೇಂದ್ರ ಸರಕಾರದ ನೌಕರನಾದರೆ ನಿಯಮದಲ್ಲಿ 15 ದಿನ ಸಿಗುತ್ತದೆ, ಅಂಗಡಿಯಲ್ಲೋ ಬೋಟಿನಲ್ಲೋ ದುಡಿಯುವವನಿಗೆ ಅದೂ ಇಲ್ಲ. ಮಗು ಹುಟ್ಟಿದರೆ ಹೆಂಡತಿಯ ದಿನಚರಿ ತಲೆಕೆಳಗಾಗಬೇಕು, ಗಂಡನದ್ದು ಸೋಮವಾರ ಬೆಳಿಗ್ಗೆ ಎಂದಿನ ಬಸ್ಸಿಗೇ ಸರಿಯಾಗಬೇಕು.

ಇನ್ನು ಬಾಣಂತನ. ನಮ್ಮಲ್ಲಿ ಹೆಂಗಸಿಗೆ ಇನ್ನೊಬ್ಬರು ಬೇಯಿಸಿ ಬಡಿಸುವ ದಿನಗಳಿದ್ದರೆ ಅವು ಬಾಣಂತನದವು. ಬೇಯಿಸುವುದು ಯಾರು? ಅವಳ ಅಮ್ಮ. ಅರುವತ್ತು ದಾಟಿದ, ಮೊಣಗಂಟು ನೋವಿನ ಆ ಹೆಂಗಸಿನ ತಾಯ್ತನಕ್ಕೆ ನಿವೃತ್ತಿಯೇ ಇಲ್ಲ. ಮಗಳ ಬಾಣಂತನ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಚೌತಿ ಬರುತ್ತದೆ, ಬೆಂಗಳೂರಿನಿಂದ ಮಗ ಬರುತ್ತಾನೆ.

ಈ ಮಗನ ಬಗ್ಗೆ ನಾಲ್ಕು ಮಾತು ಹೇಳದೆ ಇರಲಿಕ್ಕೆ ನಮ್ಮಿಂದ ಆಗುವುದಿಲ್ಲ. ಹಬ್ಬದ ರಜೆಗೆ ಸ್ಲೀಪರ್ ಬಸ್ಸಿಗೆ ದುಪ್ಪಟ್ಟು ದುಡ್ಡು ಕೊಟ್ಟು, ಬೆಳಿಗ್ಗೆ ಉಡುಪಿಯಲ್ಲಿ ಇಳಿದು, ಹತ್ತು ಗಂಟೆಯವರೆಗೆ ಮಲಗಿ ಎದ್ದು, ‘ಅಮ್ಮ, ಪತ್ರೊಡೆ ಮಾಡ್ಲಿಕ್ಕೆ ಆಗ್ತದಾ?’ ಎನ್ನುತ್ತಾನೆ. ಆಗುವುದಿಲ್ಲ ಎನ್ನುವ ಅಮ್ಮ ಎಲ್ಲಿದ್ದಾಳೆ? ಕೆಸುವಿನ ಎಲೆಗೆ ಹಿಟ್ಟು ಹಚ್ಚಿ, ಒಂದರ ಮೇಲೊಂದು ಇಟ್ಟು ಸುತ್ತಿ, ಬೇಯಿಸಿ, ಕೊಚ್ಚಿ, ಒಗ್ಗರಣೆ ಹಾಕುತ್ತಾಳೆ. ಅವನು ಬಾಳೆಲೆಯ ಚಿತ್ರ ತೆಗೆದು ‘ಅಮ್ಮನ ಕೈರುಚಿ’ ಎಂದು ಸ್ಟೇಟಸ್ ಹಾಕುತ್ತಾನೆ. ಚಿತ್ರದಲ್ಲಿ ಪತ್ರೊಡೆ ಇರುತ್ತದೆ, ಕೈ ಇರುವುದಿಲ್ಲ. ಪತ್ರಿಕೆಗಳ ಹಬ್ಬದ ಪುರವಣಿಗಳೂ ಇದೇ ಕೆಲಸವನ್ನು ಬಣ್ಣದಲ್ಲಿ ಮಾಡುತ್ತವೆ. ಹಳ್ಳಿ ಸುತ್ತಿ ವರದಿ ಬರೆಯುವುದನ್ನು ಕಲಿತ ನಮಗೆ ಮೊದಲ ಪಾಠದಲ್ಲೇ ಹೇಳಿದ್ದು, ಯಾರು ಮಾಡಿದರು ಎಂಬುದನ್ನು ಬಿಟ್ಟರೆ ಅದು ಸುದ್ದಿಯಾಗುವುದಿಲ್ಲ ಎಂದು.

‘ಅಮ್ಮನಿಗೆ ಮಾಡಿ ಹಾಕುವುದೇ ಖುಷಿ’ ಎಂದು ವಾದಿಸುವವರಿದ್ದಾರೆ. ಖುಷಿ ಇರಬಹುದು. ಅಡುಗೆಯನ್ನು ಪ್ರೀತಿಸುವ ಹೆಂಗಸರು ನಮ್ಮ ಮನೆಗಳಲ್ಲೂ ಇದ್ದಾರೆ, ಅವರ ಕೈಯಿಂದ ಸೌಟು ಕಸಿಯಬೇಕೆಂದು ನಾವು ಹೇಳುತ್ತಿಲ್ಲ. ಬೇಡ ಎನ್ನಲು ಬಿಟ್ಟು ನೋಡಿ. ಬೇಡ ಎಂದರೆ ಯಾರ ಮುಖವೂ ಗಂಟಾಗದ ಮನೆಯಲ್ಲಿ ಅವಳು ಮಾಡಿದರೆ ಅದು ಖುಷಿ. ಕಾರ್ಕಳದ ನಮ್ಮ ಗೆಳತಿಯೊಬ್ಬಳು ಮಗು ಎಂಟು ತಿಂಗಳಿರುವಾಗ ಚೌತಿಗೆ ಗುಂಡ, ಪಾಯಸ, ಎರಡು ಪಲ್ಯಕ್ಕೆ ನಿಲ್ಲಿಸಿದಳು. ಗಣಪತಿ ಸಿಟ್ಟಾಗಲಿಲ್ಲ. ಮಾವನ ತಂಗಿ ಮಾತು ಬಿಟ್ಟರು. ಅತ್ತೆ ಮಾತ್ರ, ಯಾರೂ ಇಲ್ಲದಾಗ ಒಳಗೆ ಬಂದು, ‘ನನಗೆ ಆಗ ಹೀಗೆ ಹೇಳುವ ಧೈರ್ಯ ಇರಲಿಲ್ಲ ಮಗಾ’ ಎಂದರಂತೆ.

‘ಗಂಡಸರಿಗೆ ಅಡುಗೆ ಎಲ್ಲಿ ಬರ್ತದೆ ಮಾರಾಯ್ರೆ?’ ಎಂಬ ಮಾತು ಬೇರೆ ಯಾವ ಊರಿನಲ್ಲಾದರೂ ನಡೆದೀತು, ಉಡುಪಿಯಲ್ಲಿ ನಡೆಯುವುದಿಲ್ಲ. ಲೋಕಕ್ಕೆಲ್ಲ ಇಡ್ಲಿ ಸಾಂಬಾರು ಉಣಿಸಿದ್ದು ಈ ಜಿಲ್ಲೆಯ ಗಂಡಸರು. ಸಾಲಿಗ್ರಾಮದ ಹತ್ತಿರದ ಪಾರಂಪಳ್ಳಿಯಿಂದ ಹೋದ ಮಯ್ಯರು 1924ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ್ದೇ ಇವತ್ತಿನ ಎಂಟಿಆರ್. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಮಠದಲ್ಲಿ ಅಷ್ಟಮಿಗೆ ಲಕ್ಷಗಟ್ಟಲೆ ಚಕ್ಕುಲಿ, ಉಂಡೆ ಮಾಡುವ ಬಾಣಸಿಗರು ಗಂಡಸರು. ಮದುವೆ ಹಾಲಿನಲ್ಲಿ ಕೊಪ್ಪರಿಗೆ ಇಳಿಸುವವರು ಗಂಡಸರು. ಸಂಬಳ, ಸಂಭಾವನೆ, ಬೋರ್ಡು ಇರುವಲ್ಲಿ ಕೈಗೆ ಬರುವ ವಿದ್ಯೆ ಮನೆಯ ಹೊಸ್ತಿಲು ದಾಟಿದ ಕೂಡಲೇ ಮರೆತುಹೋಗುವುದು ವೈದ್ಯರು ಪರೀಕ್ಷಿಸಬೇಕಾದ ಸಂಗತಿ.

ಉಣಿಸುವುದು ಒಬ್ಬರಿಂದ ಸದಾ ಆಗುವ ಕೆಲಸವಲ್ಲ ಎಂಬುದೂ ನಮ್ಮ ಊರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಪರ್ಯಾಯ ಇರುವುದು. ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಸರದಿಯನ್ನು ವಾದಿರಾಜರು ಎರಡು ವರ್ಷಕ್ಕೆ ವಿಸ್ತರಿಸಿದರು. ಎಂಟು ಮಠ, ಒಂದು ಮಠಕ್ಕೆ ಮತ್ತೆ ಸರದಿ ಬರುವುದು 16 ವರ್ಷಕ್ಕೆ. ಸರದಿ ಬರುವ ಮೊದಲು ಎಷ್ಟು ಸಿದ್ಧತೆ! ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಕಟ್ಟಿಗೆಯನ್ನು ರಥದ ಹಾಗೆ ಒಟ್ಟಿ ಇಡುತ್ತಾರೆ. ಆಮೇಲೆ ಜನವರಿ 18ರ ಬೆಳಗಿನ ಜಾವ, ಇಳಿಯುವ ಸ್ವಾಮಿಗಳು ಏರುವ ಸ್ವಾಮಿಗಳ ಕೈಗೆ ಕೊಡುವುದು ಏನನ್ನು? ಅಕ್ಷಯ ಪಾತ್ರೆ ಮತ್ತು ಸಟ್ಟುಗ. ಸಟ್ಟುಗವನ್ನು ಕೈಯಿಂದ ಕೈಗೆ ದಾಟಿಸುವುದನ್ನೇ ದೊಡ್ಡ ಉತ್ಸವವಾಗಿ ಮಾಡಿ, ನೋಡಲಿಕ್ಕೆ ರಾತ್ರಿಯಿಡೀ ರಥಬೀದಿಯಲ್ಲಿ ನಿಲ್ಲುವ ಜನ ನಾವು. ಮನೆಗೆ ಬಂದು ಅದೇ ಸಟ್ಟುಗವನ್ನು ನಲುವತ್ತು ವರ್ಷ ಒಬ್ಬಳ ಕೈಯಲ್ಲೇ ಬಿಟ್ಟಿದ್ದೇವೆ.

ಹಾಗಾಗಿ ಮನೆಗೂ ಪರ್ಯಾಯ ಬೇಕು ಎನ್ನುತ್ತೇವೆ. ಒಂದು ವರ್ಷದ ಅಷ್ಟಮಿ ಅವಳದ್ದಾದರೆ ಚೌತಿ ಅವನದ್ದು. ‘ಸಹಾಯ’ ಎಂಬ ಶಬ್ದವನ್ನು ನಾವು ಒಪ್ಪುವುದಿಲ್ಲ. ಎರಡು ತೆಂಗಿನಕಾಯಿ ಸುಲಿದು ಕೊಟ್ಟು ಟಿವಿ ಮುಂದೆ ಕೂರುವುದಕ್ಕೆ ಆ ಹೆಸರು. ಸರದಿ ಎಂದರೆ ಪಟ್ಟಿ ಬರೆಯುವುದರಿಂದ ಹಿಡಿದು ಕಪ್ಪಾದ ಬಾಣಲೆ ತಿಕ್ಕುವವರೆಗೆ. ಏನೇನು ಮಾಡುವುದು, ಎಷ್ಟು ಮಾಡುವುದು ಎಂಬ ತೀರ್ಮಾನ ಯಾರ ಸರದಿಯೋ ಅವರದ್ದು, ಉಳಿದವರು ಬಡಿಸಿದ್ದನ್ನು ಉಣ್ಣಬೇಕು. ಮಗುವಿಗೆ ಹಾಲು ಕುಡಿಸುವ ವರ್ಷ ಅವಳಿಗೆ ಸರದಿಯೇ ಬೇಡ. ಆ ವರ್ಷ ಮೂಡೆ ಬೇಕೇ ಬೇಕು ಎನ್ನುವವರು ರಥಬೀದಿಗೋ ಕಾರ್ಕಳದ ಪೇಟೆಗೋ ಹೋಗಿ ಕೊಟ್ಟೆ ಕೊಳ್ಳಲಿ. ಅಲ್ಲಿ ಕೂತು ಮಾರುವವರೂ ಹೆಚ್ಚಿನವರು ತಾಯಂದಿರು, ಅವರು ಹೇಳಿದ ಕ್ರಯದಲ್ಲಿ ಚೌಕಾಸಿ ಬೇಡ. ಸುಮ್ಮನೆ ಕೊಡಿ.

ಸ್ವತಃ ಕಟ್ಟುತ್ತೇನೆ ಎನ್ನುವ ಗಂಡಸರು ಹಬ್ಬಕ್ಕೆ ಮೂರು ದಿನ ಇರುವಾಗಲೇ ಎಲೆ ತನ್ನಿ, ಕಡೆಯ ದಿನ ಒಳ್ಳೆಯದು ಸಿಗುವುದಿಲ್ಲ. ಮುಳ್ಳು ಕೀಸುವಾಗ ಬುಡದಿಂದ ತುದಿಗೆ ಹೋಗಿ, ಎಡಗೈಗೆ ಹಳೆಯ ಬಟ್ಟೆ ಸುತ್ತಿಕೊಳ್ಳಿ. ಮೊದಲ ನಾಲ್ಕೈದು ಕೊಳವೆ ಸೋರುತ್ತದೆ.